ಕಾರ್ಡಿಗೆ ಬೀಗ ಹಾಕುವ ಮೊದಲು ಒಂದು ಫೋನ್ ಮಾಡಿ ಸ್ವಾಮಿ

ಬಹಳ ದಿನಗಳಾದವು ಇಲ್ಲಿ ಬರೆಯದೆ. ಬ್ಯಾಂಕಿನವರಿಗೆ ಮಾರ್ಚ್ ಕ್ಲೋಸಿಂಗ್ ಮುಗಿದರೆ ಆಡಿಟ್, ಆಡಿಟ್ ಮುಗಿದರೆ ಜೂನ್ ಕ್ವಾರ್ಟರ್... ವರ್ಷ ಕಳೆಯುವುದೇ ಗೊತ್ತಾಗುವುದಿಲ್ಲ. ಆದರೆ ಈ ಒಂದು ವಿಷಯ ಬರೆಯಲೇಬೇಕು ಅಂತ ಕೆಲವು ತಿಂಗಳಿಂದ ತಲೆ ಕೊರೀತಾ ಇತ್ತು. ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕು ಒಂದು ದಿನ ಇದ್ದಕ್ಕಿದ್ದಂತೆ ನಿಮ್ಮ ಹಣಕಾಸಿನ ಸ್ಥಿತಿ ಪರಿಶೀಲನೆಯಲ್ಲಿದೆ ಅಂತ ಹೇಳಿ ಕಾರ್ಡನ್ನು, ಕೆಲವು ಸಲ ಅದರ ಜೊತೆಗೆ ಉಳಿತಾಯ ಖಾತೆಯನ್ನೂ ನಿಲ್ಲಿಸಿಬಿಡುತ್ತದಲ್ಲ, ಆ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನಾನೂ ಬ್ಯಾಂಕಿನವನೇ. ಉಡುಪಿಯಲ್ಲಿ ಬಿಕಾಂ ಮುಗಿಸಿ 1992ರಲ್ಲಿ ಗುಮಾಸ್ತನಾಗಿ ಮುಂಬಯಿಗೆ ಬಂದವನು ಈಗ ಆಫೀಸರ್ ಕುರ್ಚಿಯಲ್ಲಿ ಕೂತು ರಿಟೈರ್ಮೆಂಟಿನ ದಿನ ಎಣಿಸುತ್ತಿದ್ದೇನೆ. ಹಾಗಾಗಿ ಬ್ಯಾಂಕುಗಳನ್ನು ಬೈದು ಚಪ್ಪಾಳೆ ಗಿಟ್ಟಿಸುವ ಆಸೆ ನನಗಿಲ್ಲ. ನಮ್ಮ ಜಾತಿಯವರನ್ನು (ಬ್ಯಾಂಕಿನವರದ್ದೂ ಒಂದು ಜಾತಿಯೇ!) ಸುಮ್ಮಸುಮ್ಮನೆ ಸಮರ್ಥಿಸಿಕೊಳ್ಳುವ ಆಸೆಯೂ ಇಲ್ಲ. ಇದರಲ್ಲಿ ಬ್ಯಾಂಕಿನದ್ದು ಎಷ್ಟು ಸರಿ, ಎಲ್ಲಿಂದಾಚೆ ತಪ್ಪು ಅನ್ನುವುದನ್ನು ಒಳಗಿದ್ದು ನೋಡಿದವನಾಗಿ ಹೇಳಬೇಕು ಅನ್ನಿಸಿತು.

ಕ್ರೆಡಿಟ್ ಕಾರ್ಡ್ ಅಂದರೆ ಏನು ಹೇಳಿ? ಅಡವಿಲ್ಲದ ಸಾಲ. ಮನೆ ಸಾಲಕ್ಕೆ ಮನೆ ಇದೆ, ಚಿನ್ನದ ಸಾಲಕ್ಕೆ ಬಳೆ ಇದೆ, ಕಾರಿನ ಸಾಲಕ್ಕೆ ಕಾರಿದೆ. ಕಾರ್ಡಿಗೆ ಏನಿದೆ? ನಿಮ್ಮ ಸಹಿ ಮತ್ತು ನೀವು ಅರ್ಜಿ ಹಾಕಿದ ದಿನ ಕೊಟ್ಟ ಸಂಬಳದ ಚೀಟಿ, ಅಷ್ಟೇ. ಆ ಚೀಟಿ ಹತ್ತು ವರ್ಷ ಹಳೆಯದಾಗಿರಬಹುದು. ಅಷ್ಟರಲ್ಲಿ ನಿಮ್ಮ ಕೆಲಸ ಹೋಗಿರಬಹುದು, ವ್ಯಾಪಾರ ಬಿದ್ದಿರಬಹುದು, ಬೇರೆ ಐದು ಕಡೆ ಸಾಲ ಆಗಿರಬಹುದು. ಆದರೂ ಕಿಸೆಯಲ್ಲಿ ಮೂರು ಲಕ್ಷದ ಕಾರ್ಡು ಹಾಗೇ ಇರುತ್ತದೆ. ಆದ್ದರಿಂದ ಕೊಟ್ಟವನು ಆಗಾಗ ಇಣುಕಿ ನೋಡುವುದು ತಪ್ಪಲ್ಲ, ನೋಡದಿದ್ದರೇ ತಪ್ಪು. ನಮ್ಮ ದೇಶದಲ್ಲಿ 2024ರ ಆರಂಭದಲ್ಲೇ ಕಾರ್ಡುಗಳ ಸಂಖ್ಯೆ 10 ಕೋಟಿ ಮುಟ್ಟಿತು. ಅಡವಿಲ್ಲದ ಸಾಲ ಮಿತಿಮೀರಿ ಬೆಳೆಯುತ್ತಿದೆ ಅಂತಲೇ ರಿಸರ್ವ್ ಬ್ಯಾಂಕ್ 2023ರ ನವೆಂಬರ್ 16ರಂದು ಬ್ಯಾಂಕುಗಳ ಕಾರ್ಡ್ ಬಾಕಿಯ ಮೇಲಿನ ರಿಸ್ಕ್ ವೆಯ್ಟ್ ಅನ್ನು ಶೇಕಡಾ 125ರಿಂದ 150ಕ್ಕೆ ಏರಿಸಿತು. ಸರಳವಾಗಿ ಹೇಳಬೇಕೆಂದರೆ, ಕಾರ್ಡಿನ ಮೇಲೆ ಕೊಟ್ಟ ಪ್ರತಿ ರೂಪಾಯಿಗೂ ಬ್ಯಾಂಕು ಮೊದಲಿಗಿಂತ ಹೆಚ್ಚು ಸ್ವಂತ ಬಂಡವಾಳ ತೆಗೆದಿಡಬೇಕಾಯಿತು. ಹೆದ್ದಾರಿಯಲ್ಲಿ ಪೊಲೀಸ್ ಕಂಡಾಗ ಎಲ್ಲರೂ ಸೀಟ್ ಬೆಲ್ಟ್ ಹುಡುಕುತ್ತಾರಲ್ಲ, ಹಾಗೆ ಆಮೇಲೆ ಎಲ್ಲ ಕಡೆ ಪರಿಶೀಲನೆ ಜೋರಾಯಿತು.

ಇನ್ನು ಮೇಲಿಂದ ಕಾಣದ ಒಂದು ಗುಟ್ಟಿದೆ. ಕಾರ್ಡಿನ ಜೊತೆ ಬರುವ ಸಣ್ಣಕ್ಷರದ ಪುಸ್ತಕದಲ್ಲಿ, ಬ್ಯಾಂಕು ಯಾವಾಗ ಬೇಕಾದರೂ ಮುನ್ಸೂಚನೆಯಿಲ್ಲದೆ ಈ ಸೌಲಭ್ಯ ಹಿಂತೆಗೆದುಕೊಳ್ಳಬಹುದು ಎಂಬರ್ಥದ ಒಂದು ಸಾಲು ಇರುತ್ತದೆ. ದರ್ಪಕ್ಕೆ ಬರೆದದ್ದು ಅಂತ ಜನ ಅಂದುಕೊಳ್ಳುತ್ತಾರೆ. ಅಷ್ಟೇ ಅಲ್ಲ, ಅದರಲ್ಲಿ ಲೆಕ್ಕವೂ ಇದೆ. ನಿಮಗೆ 3 ಲಕ್ಷದ ಲಿಮಿಟ್ ಕೊಟ್ಟು ನೀವು 50 ಸಾವಿರ ಮಾತ್ರ ಬಳಸಿದರೆ ಉಳಿದ ಎರಡೂವರೆ ಲಕ್ಷ ಬ್ಯಾಂಕು ಕೊಟ್ಟ ಮಾತು. ಮಾತಿಗೂ ಬಂಡವಾಳ ತೆಗೆದಿಡಬೇಕು ಅನ್ನುತ್ತದೆ ಬಾಸೆಲ್ ನಿಯಮ. ಆದರೆ ಮುನ್ಸೂಚನೆಯಿಲ್ಲದೆ ಯಾವ ಗಳಿಗೆಯಲ್ಲಾದರೂ ರದ್ದು ಮಾಡಬಹುದಾದ ಮಾತಾಗಿದ್ದರೆ? ಅದಕ್ಕೆ ನಮ್ಮ ಬಾಸೆಲ್ ಮೂರು ನಿಯಮಗಳಲ್ಲಿ ಸೊನ್ನೆ ಇಟ್ಟರು. 2017ರಲ್ಲಿ ಬಾಸೆಲ್ ಸಮಿತಿಯೇ ಆ ಸೊನ್ನೆ ಸರಿಯಲ್ಲ ಅಂತ ಶೇಕಡಾ 10 ಮಾಡಿತು, ಆ ಮಾತು ಬೇರೆ. ಒಟ್ಟಿನಲ್ಲಿ ಕೊಡುವಾಗ ಕೈ ಧಾರಾಳ, ಹಿಂದಕ್ಕೆಳೆಯುವಾಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಎರಡಕ್ಕೂ ಕಾರಣ ಆ ಒಂದೇ ಸಾಲು.

ಈಗ ಶೆಟ್ರ ಕಥೆಗೆ ಬರೋಣ.

ನಮ್ಮೂರ ಕಡೆಯ ಶೆಟ್ರೊಬ್ಬರು ಇಲ್ಲಿ ಉಪನಗರದಲ್ಲಿ ಕೇಟರಿಂಗ್ ನಡೆಸುತ್ತಾರೆ. ಹೆಸರು ಬೇಡ, ಬ್ಯಾಂಕಿನ ಹೆಸರೂ ಬೇಡ. (ನನ್ನ ಬ್ಯಾಂಕಂತೂ ಅಲ್ಲ.) ಕ್ಯಾಂಟೀನ್ ಹುಡುಗನಾಗಿ ಬಂದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ಹದಿನಾಲ್ಕು ಜನರಿಗೆ ಸಂಬಳ ಕೊಡುವ ಮನುಷ್ಯ. ಚೌತಿಯ ಹೊತ್ತಿಗೆ ಆರ್ಡರ್ ಮೇಲೆ ಆರ್ಡರ್. ಎಣ್ಣೆ, ಬೇಳೆ, ತುಪ್ಪ, ಗ್ಯಾಸ್ ಎಲ್ಲ ಕಾರ್ಡಿನಲ್ಲೇ ಉಜ್ಜಿದರು. ಲಿಮಿಟ್ 3 ಲಕ್ಷ. ಅದು ತುಂಬಿದ ಕೂಡಲೇ ಗಿರಾಕಿಗಳಿಂದ ಬಂದ ದುಡ್ಡು ಕಟ್ಟುವುದು, ಮತ್ತೆ ಉಜ್ಜುವುದು. ಒಂದೇ ತಿಂಗಳಲ್ಲಿ ಏಳು ಲಕ್ಷಕ್ಕೂ ಮೇಲೆ ವ್ಯವಹಾರ. ಒಂದು ರೂಪಾಯಿ ಬಾಕಿ ಇಲ್ಲ, ಒಂದು ದಿನ ತಡ ಇಲ್ಲ. ಶೆಟ್ರ ಲೆಕ್ಕದಲ್ಲಿ ತಾವು ಬ್ಯಾಂಕಿನ ಅತ್ಯುತ್ತಮ ಗಿರಾಕಿ.

ಬ್ಯಾಂಕಿನ ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಬೇರೆಯೇ ಪ್ರಾಣಿ. ಲಿಮಿಟಿನ ಎರಡು ಪಟ್ಟಿಗಿಂತ ಹೆಚ್ಚು ತಿರುಗುತ್ತಿದೆ, ಒಂದೇ ಅಂಗಡಿಯಲ್ಲಿ ದೊಡ್ಡ ದೊಡ್ಡ ಮೊತ್ತ, ಮನೆಖರ್ಚಿನ ಕಾರ್ಡಿನಲ್ಲಿ ವ್ಯಾಪಾರ. ಇದು ‘ರೊಟೇಷನ್’ ಇರಬಹುದು ಅಂತ ಯಂತ್ರ ಅನುಮಾನ ಪಟ್ಟಿತು. ರೊಟೇಷನ್ ಅಂದರೆ ನಿಮಗೆ ಗೊತ್ತಿರಬಹುದು. ಪರಿಚಯದ ಅಂಗಡಿಯಲ್ಲಿ ಸುಳ್ಳೇ ಉಜ್ಜಿ, ಅವನಿಗೆ ಕಮಿಷನ್ ಬಿಟ್ಟು ನಗದು ತೆಗೆದುಕೊಳ್ಳುವುದು, ಒಂದು ಕಾರ್ಡಿನಿಂದ ಇನ್ನೊಂದರ ಬಾಕಿ ಕಟ್ಟುವುದು. ಹೀಗೆ ಮಾಡಿ ಮುಳುಗಿದವರನ್ನು ನಾನು ಬಹಳ ಜನ ನೋಡಿದ್ದೇನೆ. ತಿಂಗಳಿಗೆ ಶೇಕಡಾ ಮೂರೂವರೆ ಅಂದರೆ ವರ್ಷಕ್ಕೆ 42, ಚಕ್ರಬಡ್ಡಿ ಬೇರೆ! ಹಾಗಾಗಿ ಯಂತ್ರಕ್ಕೆ ಅನುಮಾನ ಬಂದದ್ದು ತಪ್ಪು ಅಂತ ನಾನು ಹೇಳಲಾರೆ. ಶೆಟ್ರೂ ಮನೆಖರ್ಚಿನ ಕಾರ್ಡನ್ನು ವ್ಯಾಪಾರಕ್ಕೆ ಬಳಸಬಾರದಿತ್ತು.

ಆಮೇಲೆ ಆದದ್ದನ್ನು ಕೇಳಿ. ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಜಿಎಸ್‌ಟಿ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ ಅಂತ ಒಂದು ಇಮೇಲ್ ಬಂತು. ಯಾವ ವಿಳಾಸಕ್ಕೆ? ಎಂಟು ವರ್ಷದ ಹಿಂದೆ ಅಳಿಯ ಮಾಡಿಕೊಟ್ಟ, ಶೆಟ್ರು ಜನ್ಮದಲ್ಲಿ ತೆರೆದು ನೋಡದ ವಿಳಾಸಕ್ಕೆ. ಹತ್ತು ದಿನ ಕಳೆಯಿತು. ಹನ್ನೊಂದನೇ ದಿನ ಕಾರ್ಡ್ ಬಂದ್. ಮೊಬೈಲಿಗೆ ಎರಡು ಸಾಲಿನ ಇಂಗ್ಲಿಷ್ ಎಸ್ಸೆಮ್ಮೆಸ್ಸು ಬಂತು, ಕಾರ್ಡಿಗೆ ತಾತ್ಕಾಲಿಕ ನಿರ್ಬಂಧ ಅಂತ. ಕಾರಣ ಬರೆದಿರಲಿಲ್ಲ. ಅದೇ ಬ್ಯಾಂಕಿನಲ್ಲಿದ್ದ ಉಳಿತಾಯ ಖಾತೆಗೂ ಡೆಬಿಟ್ ಫ್ರೀಜ್. ದುಡ್ಡು ಒಳಗೆ ಬರಬಹುದು, ಹೊರಗೆ ಹೋಗುವಂತಿಲ್ಲ. ಮಾರನೆಯ ದಿನ ಹುಡುಗರ ಸಂಬಳ.

ರಾತ್ರಿ ಒಂಬತ್ತು ಗಂಟೆಗೆ ಫೋನ್. "ಎಂತ ಮಾರಾಯ್ರೆ ಇದು? ನಾನೆಂತ ಕಳವು ಮಾಡಿದ್ದೇನಾ? ನನ್ನ ದುಡ್ಡು ನನಗೆ ಕೊಡುವುದಿಲ್ಲ ಅಂತಾರಲ್ಲ!" ಶಾಖೆಗೆ ಹೋಗಿ ಮ್ಯಾನೇಜರನ್ನು ಕಾಣಿ ಶೆಟ್ರೇ ಅಂದೆ. ಹೋದರು. ಮ್ಯಾನೇಜರ್ ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ, ಚಹಾ ತರಿಸಿದ, ಆದರೆ ಕಾರ್ಡ್ ವಿಭಾಗ ಬೇರೆ ಊರಲ್ಲಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂದ. ನಿಜವೇ. ಈಗಿನ ಮ್ಯಾನೇಜರನ ಕೈಯಲ್ಲಿ ಟಾರ್ಗೆಟ್ ಬಿಟ್ಟು ಬೇರೇನೂ ಇಲ್ಲ.

ಹುಡುಗರ ಸಂಬಳಕ್ಕೆ ಶೆಟ್ರು ಹೆಂಡತಿಯ ಎರಡು ಬಳೆ ಅಡವಿಟ್ಟರು. ಅದಕ್ಕಿಂತ ಹೆದರಿಕೆಯ ಸಂಗತಿ ಒಂದು ವಾರ ಬಿಟ್ಟು ಗೊತ್ತಾಯಿತು. ಮನೆಯವರೆಲ್ಲರ ಆರೋಗ್ಯ ವಿಮೆಯ ವರ್ಷದ ಪ್ರೀಮಿಯಂ ಆ ಕಾರ್ಡಿನಿಂದ ತಾನಾಗಿ ಕಟ್ಟಿಹೋಗುವ ಏರ್ಪಾಡಿತ್ತು. ಕಾರ್ಡ್ ಬಂದ್ ಆದ್ದರಿಂದ ಅದೂ ಹೋಗಲಿಲ್ಲ. ಶೆಟ್ರ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೂವತ್ತು ದಿನದ ಗ್ರೇಸ್ ಇರುತ್ತದೆ, ಪಾಲಿಸಿ ಸಾಯುವುದಿಲ್ಲ, ಸರಿ. ಆದರೆ ಪ್ರೀಮಿಯಂ ಕಟ್ಟದೆ ಉಳಿದ ಆ ದಿನಗಳ ಆಸ್ಪತ್ರೆ ಬಿಲ್ಲಿಗೆ ಕ್ಲೇಮ್ ಹಾಕಿದರೆ ಕಂಪನಿಯವರು ಬಾಯಿ ಮುಚ್ಚಿಕೊಂಡು ಕೊಡುತ್ತಾರೆಯೇ? ಮಗ ಪಕ್ಕದ ಮನೆಯವರಿಂದ ಸಾಲ ಮಾಡಿ ಆನ್‌ಲೈನ್ ಕಟ್ಟಿದ. ಪರಿಶೀಲನೆಗೆ ಅಂತ ಕಾರ್ಡ್ ನಿಲ್ಲಿಸಿದವನ ಕಂಪ್ಯೂಟರಿನಲ್ಲಿ ಈ ಡಯಾಲಿಸಿಸ್ಸಿಗೆ ಯಾವ ಕಾಲಮ್ಮೂ ಇಲ್ಲ.

ಆರನೇ ದಿನ ಉಳಿತಾಯ ಖಾತೆ ಬಿಟ್ಟರು. ಕಾಗದಪತ್ರವೆಲ್ಲ ಕೊಟ್ಟ ಮೇಲೆ ಹತ್ತೊಂಬತ್ತನೇ ದಿನ ಕಾರ್ಡೂ ಜೀವಂತವಾಯಿತು. ಆದರೆ ಲಿಮಿಟ್ 3 ಲಕ್ಷದಿಂದ 75 ಸಾವಿರಕ್ಕೆ ಇಳಿದಿತ್ತು. ಇದರ ಬಾಲ ಇನ್ನೂ ಉದ್ದ. ಮೂರು ಲಕ್ಷದಲ್ಲಿ 60 ಸಾವಿರ ಬಳಸಿದರೆ ಅದು ಶೇಕಡಾ 20. ಎಪ್ಪತ್ತೈದು ಸಾವಿರದಲ್ಲಿ ಅದೇ 60 ಸಾವಿರ ಶೇಕಡಾ 80. ಇವನು ಲಿಮಿಟಿನ ಕತ್ತಿನವರೆಗೆ ಮುಳುಗಿದ್ದಾನೆ ಅಂತ ಕ್ರೆಡಿಟ್ ಬ್ಯೂರೋ ಸ್ಕೋರ್ ಇಳಿಸುತ್ತದೆ. ಅದನ್ನು ನೋಡಿ ಇನ್ನೊಂದು ಬ್ಯಾಂಕಿನ ಯಂತ್ರ ಅನುಮಾನಪಡುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಈ ಮಾಹಿತಿಯನ್ನು ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಕಳಿಸಬೇಕಾಯಿತು, ಹಾಗಾಗಿ ಅನುಮಾನವೂ ಬೇಗ ಹರಡುತ್ತದೆ. ಮನುಷ್ಯ ಬದಲಾಗಿಲ್ಲ, ಖರ್ಚು ಬದಲಾಗಿಲ್ಲ, ಬ್ಯಾಂಕು ತಾನೇ ಭಾಜಕವನ್ನು ಇಳಿಸಿ ಆಮೇಲೆ ಶೇಕಡಾವಾರು ಏರಿತು ಅಂತ ದೂರುತ್ತದೆ!

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕಾರ್ಡಿನ ಲಿಮಿಟ್ ಬ್ಯಾಂಕಿನ ದುಡ್ಡು. ಅನುಮಾನ ಬಂದರೆ ಇನ್ನು ಮುಂದೆ ಕೊಡುವುದಿಲ್ಲ ಅಂತ ಹೇಳುವ ಹಕ್ಕು ಅದಕ್ಕಿದೆ. ಉಳಿತಾಯ ಖಾತೆಯಲ್ಲಿರುವುದು ಗಿರಾಕಿಯ ದುಡ್ಡು. ಇವೆರಡನ್ನು ಒಂದೇ ಗೂಟಕ್ಕೆ ಕಟ್ಟುವುದು ಬ್ಯಾಂಕಿಂಗೇ ಅಲ್ಲ. ಲೀನ್ ಇದೆಯಲ್ಲ ಅಂತ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಇದೆ. 1872ರ ಕಾಂಟ್ರಾಕ್ಟ್ ಆಕ್ಟಿನ 171ನೇ ಕಲಮು ನಾವೆಲ್ಲ ಪ್ರಮೋಷನ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ. 1992ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಕೇಸಿನಲ್ಲಿ ಒಂದು ಪಕ್ಷ ನಮ್ಮ ಸಿಂಡಿಕೇಟ್ ಬ್ಯಾಂಕೇ. ಆದರೆ ಲೀನ್ ಹುಟ್ಟುವುದು ಬರಬೇಕಾದ ಬಾಕಿಗೆ. ಅನುಮಾನಕ್ಕೆ ಲೀನ್ ಹುಟ್ಟುವುದಿಲ್ಲ. ಬಿಲ್ಲಿನ ತಾರೀಕು ದಾಟಿಲ್ಲ, ಕಂತು ತಪ್ಪಿಲ್ಲ, ಆದರೂ ಖಾತೆ ಹಿಡಿದಿಟ್ಟುಕೊಳ್ಳುವುದು ಅಂದರೆ, ಕೊಡೆ ಕಡ ಕೊಟ್ಟವನು ಮಳೆ ಬರುವ ಮೊದಲೇ ಮನೆಗೆ ಬಂದು ಕೊಡೆಯ ಜೊತೆ ನಿಮ್ಮ ಚಪ್ಪಲಿಯನ್ನೂ ತೆಗೆದುಕೊಂಡು ಹೋದ ಹಾಗೆ. (ಪೊಲೀಸ್, ಕೋರ್ಟು, ತೆರಿಗೆ ಇಲಾಖೆಯ ಆದೇಶದಿಂದ ಖಾತೆ ನಿಲ್ಲುವುದು ಬೇರೆ. ಸೈಬರ್ ದೂರಿನಲ್ಲಿ ಖಾತೆ ನಿಲ್ಲುವುದೂ ಬೇರೆ. ಅದನ್ನು ಇದರೊಳಗೆ ಬೆರೆಸುವುದು ಬೇಡ.)

ರಿಸ್ಕ್ ವಿಭಾಗದಲ್ಲಿರುವ ಗೆಳೆಯನೊಬ್ಬನ ಹತ್ತಿರ ಈ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿದ್ದೇನೆ. ಅವನ ವಾದ ತಳ್ಳಿಹಾಕುವಂಥದ್ದಲ್ಲ. "ನೋಡು, ಮುಳುಗುವವನಿಗೆ ಹತ್ತು ದಿನದ ನೋಟಿಸ್ ಕೊಟ್ಟರೆ ಒಂಬತ್ತನೇ ದಿನ ಲಿಮಿಟ್ ಪೂರ್ತಿ ಖಾಲಿ ಮಾಡಿ ಹೋಗುತ್ತಾನೆ. ವರ್ಷಗಟ್ಟಲೆ ನೀಟಾಗಿ ಕಟ್ಟಿ, ನಂಬಿಕೆ ಗಳಿಸಿ, ಕೊನೆಗೆ ಒಂದೇ ವಾರದಲ್ಲಿ ಎಲ್ಲ ಕಾರ್ಡು ಉಜ್ಜಿ ಮಾಯವಾಗುವವರಿದ್ದಾರೆ. ಅವರನ್ನು ಹಿಡಿಯುವುದು ಹೇಗೆ? ನಿನ್ನ ಶೆಟ್ಟರ ಹಣೆ ಮೇಲೆ ಪ್ರಾಮಾಣಿಕ ಅಂತ ಬರೆದಿದೆಯೇ?" ಬರೆದಿಲ್ಲ, ಒಪ್ಪಿದೆ. ಆದರೆ ನನ್ನ ಪ್ರಶ್ನೆ ಇಷ್ಟೇ. ಪೂರ್ತಿ ಬಿಡುವುದು ಮತ್ತು ಪೂರ್ತಿ ಕಟ್ಟುವುದು, ಇವೆರಡರ ನಡುವೆ ಏನೂ ಇಲ್ಲವೇ? ಪರಿಶೀಲನೆ ಮುಗಿಯುವ ತನಕ ಲಿಮಿಟಿನ ಕಾಲುಭಾಗ ಬಿಡಿ. ದಿನಕ್ಕೆ ಇಷ್ಟು ಅಂತ ಮಿತಿ ಹಾಕಿ. ಹೊಸದಾಗಿ ಚಿನ್ನ, ಎಲೆಕ್ಟ್ರಾನಿಕ್ಸ್, ವ್ಯಾಲೆಟ್ ಬೇಡ ಅನ್ನಿ. ಆಸ್ಪತ್ರೆ, ಔಷಧಿ ಅಂಗಡಿ, ವಿಮೆ, ಕರೆಂಟ್ ಬಿಲ್ಲು ಬಿಟ್ಟುಬಿಡಿ. ಯಾವ ಅಂಗಡಿ ಯಾವ ಬಗೆಯದು ಅನ್ನುವ ಕೋಡು ಪ್ರತಿ ಸ್ವೈಪಿನಲ್ಲೂ ಬರುತ್ತದೆ. ಪೆಟ್ರೋಲಿಗೆ ಪಾಯಿಂಟ್ ಕೊಡಬಾರದು ಅಂತ ಅದೇ ಕೋಡು ನೋಡಿ ತೀರ್ಮಾನಿಸುವ ಕಂಪ್ಯೂಟರಿಗೆ, ಡಯಾಲಿಸಿಸ್ ಬಿಲ್ಲು ತಡೆಯಬಾರದು ಅಂತ ಕಲಿಸಲಿಕ್ಕೆ ಆಗುವುದಿಲ್ಲವೇ? ಗೆಳೆಯ ಇದಕ್ಕೆ ಉತ್ತರ ಕೊಡಲಿಲ್ಲ, ಬಜೆಟ್ ಇಲ್ಲ ಅಂದ.

ಇದೇನು ನಮ್ಮ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ, ಅವರನ್ನು ಕೇಳಿ ನೋಡಿ. ಅಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ‘ಫೈನಾನ್ಷಿಯಲ್ ರಿವ್ಯೂ’ ಹೆಸರುವಾಸಿ. ಒಮ್ಮೆ ಸಿಕ್ಕಿಕೊಂಡರೆ ಅವರ ಹತ್ತಿರ ಇರುವ ಕಾರ್ಡುಗಳೆಲ್ಲ ನಿಲ್ಲುತ್ತವೆ. ಅವರು ಕೇಳುವ ಫಾರಂಗೆ ಸಹಿ ಹಾಕಿದರೆ ಕಂಪನಿ ನೇರವಾಗಿ ತೆರಿಗೆ ಇಲಾಖೆಯಿಂದ ನಿಮ್ಮ ರಿಟರ್ನಿನ ವಿವರ ತರಿಸಿಕೊಂಡು, ಅರ್ಜಿಯಲ್ಲಿ ಬರೆದ ವರಮಾನದ ಜೊತೆ ತಾಳೆ ನೋಡುತ್ತದೆ. ಸಹಿ ಹಾಕುವುದಿಲ್ಲ ಅಂದರೆ ಕಾರ್ಡಿಗೆ ನಮಸ್ಕಾರ. 2008ರಲ್ಲಿ ಅಲ್ಲಿ ಹಣಕಾಸು ಬಿಕ್ಕಟ್ಟು ಬಂದಾಗ ಇನ್ನೂ ವಿಚಿತ್ರ ನಡೆಯಿತು. ಅಟ್ಲಾಂಟಾದ ಒಬ್ಬ ವ್ಯಾಪಾರಿಯ ಲಿಮಿಟನ್ನು ಇದೇ ಕಂಪನಿ 10,800 ಡಾಲರಿನಿಂದ 3,800ಕ್ಕೆ ಇಳಿಸಿತು. ಅವರು ಕಂತು ತಪ್ಪಿಸಿದವರಲ್ಲ. ಅವರು ಹೋದ ಅಂಗಡಿಗಳಿಗೆ ಹೋಗುವ ಬೇರೆ ಗಿರಾಕಿಗಳು ಸರಿಯಾಗಿ ಸಾಲ ತೀರಿಸುವುದಿಲ್ಲ ಅನ್ನುವುದು ಪತ್ರದಲ್ಲಿ ಕೊಟ್ಟ ಒಂದು ಕಾರಣ! ಅಂದರೆ ನಿಮ್ಮ ಪಕ್ಕ ನಿಂತು ತರಕಾರಿ ಕೊಂಡವನ ಸಾಲಕ್ಕೆ ನಿಮ್ಮ ಕಾರ್ಡಿಗೆ ಕತ್ತರಿ. ಗಲಾಟೆ ದೊಡ್ಡದಾಗಿ, 2009ರ ಮೇ ತಿಂಗಳಲ್ಲಿ ಬಂದ ಕಾರ್ಡ್ ಕಾಯ್ದೆಯಲ್ಲೇ, ಹೀಗೆ ಎಲ್ಲಿ ಖರ್ಚು ಮಾಡಿದರು ಅನ್ನುವುದನ್ನು ನೋಡಿ ಲಿಮಿಟ್ ಇಳಿಸುವ ಪದ್ಧತಿಯ ಬಗ್ಗೆ ಫೆಡರಲ್ ರಿಸರ್ವ್ ವರದಿ ಕೊಡಬೇಕು ಅಂತ ಬರೆದರು. 2010ರಲ್ಲಿ ವರದಿ ಬಂತು. ಆದರೂ ಅಲ್ಲಿಯ ಒಂದು ಸಂಗತಿ ನನಗೆ ಇಷ್ಟ. ಇರುವ ಖಾತೆಯ ಮೇಲೆ ಇಂಥ ಕ್ರಮ ತೆಗೆದುಕೊಂಡರೆ 30 ದಿನದೊಳಗೆ ಗಿರಾಕಿಗೆ ತಿಳಿಸಬೇಕು, ಯಾಕೆ ಅಂತ ನಿರ್ದಿಷ್ಟ ಕಾರಣ ತಿಳಿದುಕೊಳ್ಳುವ ಹಕ್ಕು ಗಿರಾಕಿಗಿದೆ. ಆ ಅಟ್ಲಾಂಟಾದ ಮನುಷ್ಯನ ಕಾರಣ ಎಷ್ಟೇ ಹಾಸ್ಯಾಸ್ಪದವಾಗಿದ್ದರೂ ಕಾಗದದ ಮೇಲೆ ಇತ್ತು. ಹಾಗಾಗಿಯೇ ಅದರ ಮೇಲೆ ಜಗಳವಾಡಲು ಸಾಧ್ಯವಾಯಿತು. ಶೆಟ್ರು ಯಾವುದರ ಮೇಲೆ ಜಗಳವಾಡಬೇಕು?

ನಮ್ಮಲ್ಲೂ ನಿಯಮ ಇಲ್ಲ ಅಂತಲ್ಲ. 2022ರ ಏಪ್ರಿಲ್ 21ರಂದು ರಿಸರ್ವ್ ಬ್ಯಾಂಕ್ ಕಾರ್ಡುಗಳ ಬಗ್ಗೆ ದೊಡ್ಡ ನಿರ್ದೇಶನ ಹೊರಡಿಸಿತು. ಕಾರ್ಡನ್ನು ನಿಲ್ಲಿಸಲು ಬೋರ್ಡು ಒಪ್ಪಿದ ಒಂದು ಕ್ರಮ ಇರಬೇಕು, ನಿಲ್ಲಿಸಿದ ಕೂಡಲೇ ಕಾರಣ ಸಮೇತ ಗಿರಾಕಿಗೆ ತಿಳಿಸಬೇಕು ಅಂತ ಅದರಲ್ಲಿತ್ತು. ‘ಕಾರಣ ಸಮೇತ’ ಅನ್ನುವುದನ್ನು ನಮ್ಮವರು ‘ಆಂತರಿಕ ನೀತಿಯ ಪ್ರಕಾರ’ ಅಂತ ಓದಿಕೊಳ್ಳುತ್ತಾರೆ. ಅದು ಕಾರಣವಲ್ಲ ಸ್ವಾಮಿ. ಮಗು ಯಾಕೆ ಹೊಡೆದೆ ಅಂತ ಕೇಳಿದರೆ ಅಪ್ಪ ಆದ್ದರಿಂದ ಹೊಡೆದೆ ಅಂದ ಹಾಗೆ.

ಈಗ ನಮ್ಮಂಥ ಪರವೂರಿನಲ್ಲಿ ನೆಲೆಸಿದವರ ತಾಪತ್ರಯ. ಇದನ್ನು ಇಲ್ಲಿನವರಿಗೆ ವಿವರಿಸುವುದು ಕಷ್ಟ, ನಿಮಗೆ ಹೇಳಬೇಕಾಗಿಲ್ಲ. ನನ್ನ ಹೆಸರಿನ ಮುಂದಿನ ‘ಕೆ’ ಅಂದರೆ ಕಟಪಾಡಿ. ಊರಿನ ಶಾಲೆಯಲ್ಲಿ ಬರೀ ಕೆ. ಪಾನ್ ಕಾರ್ಡಿಗೆ ಇನಿಷಿಯಲ್ ಆಗುವುದಿಲ್ಲ, ಬಿಡಿಸಿ ಬರೆಯಿರಿ ಅಂದರು, ಕಟಪಾಡಿ ಅಂತ ಬರೆದೆ. ಮಹಾರಾಷ್ಟ್ರದ ಪದ್ಧತಿಯಲ್ಲಿ ಮೊದಲು ನಿಮ್ಮ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ರೇಷನ್ ಕಾರ್ಡಿನಲ್ಲಿ ಹಾಗೆ ಬಂತು. ಸೊಸೈಟಿಯ ವಾಚ್‌ಮನ್ ನನ್ನನ್ನು ಕಟಪಾಡಿ ಸಾಹೇಬ್ ಅಂತಲೇ ಕರೆಯುವುದು! ಕಟಪಾಡಿಯಲ್ಲಿ ಆ ಹೆಸರಿನಿಂದ ಕರೆದರೆ ಇಡೀ ಊರೇ ತಿರುಗಿ ನೋಡೀತು. ಇನ್ನು ಕರಾವಳಿಯ ಮನೆಗಳಲ್ಲಿ ಅಣ್ಣ ಪೂಜಾರಿ ಅಂತ ಬರೆಸಿಕೊಂಡಿದ್ದರೆ ತಮ್ಮ ಕೋಟ್ಯಾನ್ ಅಂತ ಬರೆಸಿರುತ್ತಾನೆ. ಮೈಸೂರು ಕಡೆಯವರಿಗೆ ಅಡ್ಡಹೆಸರೇ ಇಲ್ಲ, ಎರಡು ಇನಿಷಿಯಲ್ಲು ಒಂದು ಹೆಸರು. ಮದುವೆಯಾಗಿ ಇಲ್ಲಿಗೆ ಬಂದ ಹೆಣ್ಣುಮಕ್ಕಳದ್ದು ಕೇಳುವುದೇ ಬೇಡ, ಮಾರ್ಕ್ಸ್‌ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಮನುಷ್ಯನ ಕಣ್ಣಿಗೆ ಇವೆಲ್ಲ ಒಂದೇ ಜೀವ. ಹೆಸರು ತಾಳೆ ನೋಡುವ ಯಂತ್ರಕ್ಕೆ ಮೂರು ಮನುಷ್ಯರು, ಅಂದರೆ ಮೂರು ಅನುಮಾನ.

ವಿಳಾಸದ್ದು ಅದೇ ಕಥೆ. ಚಾಳು ಒಡೆದು ಟವರ್ ಕಟ್ಟುತ್ತಾರೆ, ನಾಲ್ಕೈದು ವರ್ಷ ಬಾಡಿಗೆ ಮನೆ, ಆಧಾರಿನಲ್ಲಿ ಇನ್ನೂ ಒಡೆದುಹೋದ ಚಾಳಿನ ಕೋಣೆ ನಂಬರು. ಬ್ಯಾಂಕಿನ ಕಾಗದ ಮನೆ ಬಿಟ್ಟಿದ್ದಾರೆ ಅಂತ ಷರಾ ಹೊತ್ತು ವಾಪಸ್ಸು ಬರುತ್ತದೆ. ವಾಪಸ್ಸು ಬಂದ ಕಾಗದ ಅಂದರೆ ಪರಿಶೀಲನೆಯವನ ಪಾಲಿಗೆ ಓಡಿಹೋದ ಗಿರಾಕಿ. ಶೆಟ್ರ ಉಳಿತಾಯ ಖಾತೆ ನಿಂತದ್ದಕ್ಕೆ ಅರ್ಧ ಕಾರಣ ಇದೇ ಅಂತ ಆಮೇಲೆ ತಿಳಿಯಿತು. ಪಾನ್ ಮತ್ತು ಆಧಾರಿನ ಹೆಸರಿನಲ್ಲಿ ಊರಿನ ಹೆಸರು ಜಾಗ ಬದಲಿಸಿತ್ತು, ಕೊರಿಯರ್ ವಾಪಸ್ ಬಂದಿತ್ತು. ಮೂವತ್ತು ವರ್ಷದಿಂದ ಅದೇ ಗಲ್ಲಿಯಲ್ಲಿ ಅನ್ನ ಬೇಯಿಸುವ ಮನುಷ್ಯ ಕಾಗದದ ಮೇಲೆ ಕಾಣೆಯಾಗಿದ್ದ.

ಕೆವೈಸಿ ವಿಷಯದಲ್ಲಿ ರಿಸರ್ವ್ ಬ್ಯಾಂಕಿಗೆ ಈ ಕಷ್ಟ ಸ್ವಲ್ಪ ತಡವಾಗಿಯಾದರೂ ಅರ್ಥವಾಯಿತು. ರಿಸ್ಕ್ ಹೆಚ್ಚಿರುವವರಿಗೆ ಎರಡು ವರ್ಷಕ್ಕೊಮ್ಮೆ, ಮಧ್ಯಮದವರಿಗೆ ಎಂಟು, ಕಡಿಮೆಯವರಿಗೆ ಹತ್ತು ವರ್ಷಕ್ಕೊಮ್ಮೆ ಕೆವೈಸಿ ಹೊಸದು ಮಾಡಬೇಕು ಅನ್ನುವುದು ಮೊದಲಿನಿಂದ ಇದೆ. 2025ರ ಜೂನ್‌ನಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ಅವಧಿ ಮುಗಿಯುವ ಮೊದಲು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದು ಕಾಗದದ ಪತ್ರವಾಗಿರಬೇಕು. ಮುಗಿದ ಮೇಲೂ ಮತ್ತೆ ಮೂರು ನೆನಪೋಲೆ, ಅದರಲ್ಲೂ ಒಂದು ಪತ್ರ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹತ್ತು ವರ್ಷಕ್ಕೊಮ್ಮೆ ಬರುವ ಕೆವೈಸಿಗೆ ಆರು ನೋಟಿಸು ಕೊಡಬಹುದಾದರೆ, ಮನೆಯ ಒಲೆಯನ್ನೇ ಆರಿಸುವ ಕಾರ್ಡ್ ಪರಿಶೀಲನೆಗೆ ಒಂದು ಫೋನ್ ಕರೆ ದುಬಾರಿಯಾಯಿತೇ? ಲಿಮಿಟ್ ಏರಿಸುತ್ತೇವೆ, ಪರ್ಸನಲ್ ಲೋನ್ ಕೊಡುತ್ತೇವೆ ಅಂತ ದಿನಕ್ಕೆ ಮೂರು ಸಲ ಫೋನ್ ಮಾಡುವ ಅದೇ ಹುಡುಗಿಯರ ಕೈಯಲ್ಲಿ, ಸರ್ ನಿಮ್ಮ ಕಾಗದಪತ್ರ ಬೇಕಾಗಿದೆ, ಇಮೇಲ್ ನೋಡಿದಿರಾ ಅಂತ ಒಂದು ಸಲ ಕೇಳಿಸಬಾರದೇ?

ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ಹೇಳುವ ಮುದುಕ ನಾನಾಗಬಾರದು ಅಂತ ಎಚ್ಚರದಿಂದಲೇ ಇದನ್ನು ಬರೆಯುತ್ತಿದ್ದೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ವಸೂಲಿ ಮಾಡುತ್ತಿದ್ದರು. ಪಿಗ್ಮಿಯವನಿಗೆ ಗೊತ್ತಿರದ ಸಂಗತಿ ಇರಲಿಲ್ಲ. ಯಾರ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದರು, ಯಾರ ಮನೆಯಲ್ಲಿ ಕಾಯಿಲೆ, ಯಾರು ಈ ವಾರ ಕೊಡಲಾರರು, ಎಲ್ಲ ಪರಿಶೀಲನೆಯೂ ಬಾಗಿಲಲ್ಲಿ ನಿಂತೇ ಆಗುತ್ತಿತ್ತು. ಅದರ ಕೊಳಕೂ ನನಗೆ ಗೊತ್ತು. ಮ್ಯಾನೇಜರಿಗೆ ಪರಿಚಯವಿದ್ದವನಿಗೆ ಸಾಲ, ಇಲ್ಲದವನಿಗೆ ನಾಳೆ ಬಾ. ಜಾತಿ, ಊರು, ಬೀಗರು ಎಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಯಂತ್ರಕ್ಕೆ ಆ ಪಕ್ಷಪಾತವಿಲ್ಲ ಅನ್ನುವುದನ್ನು ಒಪ್ಪುತ್ತೇನೆ (ಹೆಸರು ತಾಳೆ ನೋಡುವಾಗ ಬಿಟ್ಟು!). ಹಾಗಾಗಿ ಅನುಮಾನಪಡುವ ಕೆಲಸ ಯಂತ್ರವೇ ಮಾಡಲಿ. ಬೀಗ ಹಾಕುವ ಕೆಲಸ ಮಾತ್ರ ಒಬ್ಬ ಮನುಷ್ಯ ಮಾಡಲಿ, ಅವನ ಹೆಸರು, ಫೋನ್ ನಂಬರು ಪತ್ರದ ಕೆಳಗೆ ಇರಲಿ. ನಾವು ಗುಮಾಸ್ತರಾಗಿದ್ದಾಗ ಐನೂರು ರೂಪಾಯಿ ಚೆಕ್ ವಾಪಸ್ ಮಾಡಿದರೂ ಮೆಮೋದ ಮೇಲೆ ಕಾರಣಕ್ಕೆ ಟಿಕ್ ಹಾಕಿ ಸಹಿ ಮಾಡಬೇಕಿತ್ತು.

ಓದುವ ನಿಮಗೆ ಕೆಲವು ಕೆಲಸ. ಕಾರ್ಡಿಗೆ ಯಾವ ಇಮೇಲ್, ಯಾವ ಮೊಬೈಲ್ ಕೊಟ್ಟಿದ್ದೀರಿ ಅಂತ ಇವತ್ತೇ ನೋಡಿಕೊಳ್ಳಿ. ಮಗ ಮಾಡಿಕೊಟ್ಟದ್ದಾದರೆ ಬದಲಿಸಿ. ಕಾರ್ಡಿನ ಬ್ಯಾಂಕು ಒಂದಿರಲಿ, ಮನೆಖರ್ಚಿನ ಉಳಿತಾಯ ಖಾತೆ ಇನ್ನೊಂದು ಬ್ಯಾಂಕಿನಲ್ಲಿರಲಿ. ಇದನ್ನು ಹೇಳಿದ್ದಕ್ಕೆ ನನ್ನ ಮೇಲಿನವರು ಬೈಯಬಹುದು, ಬೈಯಲಿ. ಆರೋಗ್ಯ ವಿಮೆಯನ್ನು ಕಾರ್ಡಿಗೆ ಕಟ್ಟಿಹಾಕಿ ಮರೆಯಬೇಡಿ. ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು, ತರಿಸಿಕೊಂಡು ಹೆಸರು, ವಿಳಾಸ ನೋಡಿ. ತಪ್ಪಿದ್ದರೆ ದೂರು ಕೊಡಿ. ದೂರನ್ನು 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿತು. ಕೇಳುವವರು ಕಡಿಮೆ.

ಕಾರ್ಡ್ ನಿಂತೇಹೋದರೆ ಕಾಲ್ ಸೆಂಟರಿನಲ್ಲಿ ಕೂಗಾಡಿ ಬಿಪಿ ಏರಿಸಿಕೊಳ್ಳಬೇಡಿ. ಯಾವ ಕಾರಣಕ್ಕೆ ನಿಲ್ಲಿಸಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ, ದೂರಿನ ನಂಬರ್ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ, ವಕೀಲ ಬೇಡ. 2021ರ ನವೆಂಬರಿನಲ್ಲಿ ಎಲ್ಲ ಓಂಬುಡ್ಸ್‌ಮನ್ ಯೋಜನೆಗಳನ್ನು ಒಂದು ಮಾಡಿದಾಗ ಚಂಡೀಗಢದಲ್ಲಿ ದೂರು ಸ್ವೀಕರಿಸುವ ಕೇಂದ್ರ ತೆರೆದು, ಯಾವ ಭಾಷೆಯಲ್ಲಿ ಬರೆದರೂ ತೆಗೆದುಕೊಳ್ಳುತ್ತೇವೆ ಅಂದರು. ಶೆಟ್ರಿಗೆ ನಾನು ಕನ್ನಡದಲ್ಲೇ ಬರೆದುಕೊಟ್ಟೆ. ಎರಡು ಪುಟ, ತಾರೀಕುಗಳು, ಬಳೆ ಅಡವಿಟ್ಟ ರಸೀದಿಯ ನಕಲು, ವಿಮೆಯ ಕಾಗದ.

ರಿಜಿಸ್ಟರ್ಡ್ ಪೋಸ್ಟಿನ ಕಾಲ ಹೋಯಿತು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ. ಉತ್ತರ ಬಂದಾಗ ಇಲ್ಲೇ ಬರೆಯುತ್ತೇನೆ.